ಮೂವತ್ತೆರಡನೆಯ ನೀಲಿ ಪಂಪು

ಡಾಕ್ಟರು ನನಗೊಂದು ಪಟ್ಟಿ ಕೊಟ್ಟಿದ್ದಾರೆ. ಉಬ್ಬಸ ಇರುವವರು ಯಾವುದರಿಂದೆಲ್ಲ ದೂರ ಇರಬೇಕು ಅನ್ನುವ ಪಟ್ಟಿ. ದೂಳು, ಹೊಗೆ, ಹಕ್ಕಿಯ ಪುಕ್ಕ, ಬೆಕ್ಕಿನ ಕೂದಲು, ಹಳೆಯ ಹಾಸಿಗೆ, ಬೂಷ್ಟು, ಸೆಂಟು, ಪೇಂಟಿನ ವಾಸನೆ, ತಣ್ಣನೆಯ ಗಾಳಿ, ನೆಗಡಿ ಹಿಡಿದ ಜನ. ಕೊನೆಯಲ್ಲಿ ಜಾಗ ಉಳಿಯಿತೆಂದೋ ಏನೋ, ‘ಅತಿಯಾದ ಸಿಟ್ಟು, ಅತಿಯಾದ ನಗು’ ಎಂದೂ ಸೇರಿಸಿದ್ದಾರೆ. ನಗುವಿನ ವಿಷಯದಲ್ಲಿ ನಾನು ಡಾಕ್ಟರ ಮಾತನ್ನು ಹುಟ್ಟಿದಾಗಿನಿಂದಲೇ ಪಾಲಿಸಿಕೊಂಡು ಬಂದಿದ್ದೇನೆ. ಉಳಿದದ್ದನ್ನು ಓದಿದಾಗ ನನ್ನ ಕೆಲಸದ ಜಾಗವನ್ನೇ ಯಾರೋ ವರ್ಣಿಸಿ ಬರೆದಂತಿತ್ತು.

ನಾನು ಬಸ್ ನಿಲ್ದಾಣದ ‘ಕಳೆದುಹೋದ ವಸ್ತುಗಳ ಕಚೇರಿ’ಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತೆ. ಜನ ಬಸ್ಸಿನಲ್ಲಿ ಏನೇನು ಮರೆತು ಇಳಿಯುತ್ತಾರೋ ಅದೆಲ್ಲ ಸಂಜೆಯೊಳಗೆ ನನ್ನ ಮೇಜಿಗೆ ಬರುತ್ತದೆ. ಕೊಡೆ, ಕಂಬಳಿ, ಒಂಟಿ ಚಪ್ಪಲಿ, ಕಟ್ಟಿಸಿದ ಹಲ್ಲಿನ ಸೆಟ್ಟು, ಒಮ್ಮೆ ಪಂಜರ ಸಮೇತ ಎರಡು ಪಾರಿವಾಳ. ಗೋದಾಮಿಗೆ ಇರುವುದು ಒಂದೇ ಕಿಟಕಿ. ಅದು ತೆರೆದುಕೊಳ್ಳುವುದು ಬಸ್ಸುಗಳು ಎಂಜಿನ್ ಆರಿಸದೆ ನಿಲ್ಲುವ ಅಂಗಳಕ್ಕೆ. ಮುಚ್ಚಿದರೆ ಕಂಬಳಿಗಳ ದೂಳು, ತೆರೆದರೆ ಡೀಸೆಲ್ ಹೊಗೆ. ಎರಡರಲ್ಲಿ ಯಾವುದು ಬೇಕೋ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಇಲಾಖೆ ನನಗೆ ಬಿಟ್ಟುಕೊಟ್ಟಿತ್ತು.

“ಆ ಕೆಲಸ ಬಿಟ್ಬಿಡಿ” ಎಂದರು ಡಾಕ್ಟರು.

“ಬಿಡ್ತೀನಿ. ನಿಮ್ಮ ಕುರ್ಚಿ ಖಾಲಿ ಮಾಡ್ಕೊಡ್ತೀರಾ?” ಎಂದೆ. ಅವರು ಪಟ್ಟಿಯ ಕೊನೆಯ ಸಾಲಿನ ಅಡಿಗೆ ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟರು.

ನಿಜ ಹೇಳಬೇಕೆಂದರೆ ಆ ಗೋದಾಮೆಂದರೆ ನನಗೆ ಪ್ರಾಣ. ನಾನು ಬರುವ ಮೊದಲು ಅದು ಕಸದ ಗುಡ್ಡೆಯಾಗಿತ್ತು. ಯಾರು ಬೇಕಾದರೂ ಬಂದು ‘ಅದು ನಂದು’ ಎಂದು ಬೆರಳು ತೋರಿಸಿ ಯಾರದೋ ಕೊಡೆಯನ್ನು ಎತ್ತಿಕೊಂಡು ಹೋಗುತ್ತಿದ್ದರು. ಪ್ರತಿ ವಸ್ತುವಿಗೂ ಚೀಟಿ ಕಟ್ಟುವ, ಚೀಲಕ್ಕೆ ಹಾಕಿ ಮೊಹರು ಒತ್ತುವ, ಜಾತಿವಾರು ಕಪಾಟಿನಲ್ಲಿಡುವ ಪದ್ಧತಿ ತಂದವಳು ನಾನು. ಎಲ್ಲಕ್ಕಿಂತ ದೊಡ್ಡ ನಿಯಮವೂ ನನ್ನದೇ. ವಸ್ತುವನ್ನು ಕಣ್ಣಿಗೆ ತೋರಿಸುವ ಮೊದಲು ಅದರ ಗುರುತನ್ನು ಬಾಯಲ್ಲಿ ಹೇಳಿಸಬೇಕು. ‘ಕಪ್ಪು ಕೊಡೆ’ ಎಂದರೆ ನಡೆಯುವುದಿಲ್ಲ, ಲೋಕದ ಕೊಡೆಗಳೆಲ್ಲ ಕಪ್ಪೇ. ಎಲ್ಲಿ ಹರಿದಿದೆ, ಯಾವ ಕಡ್ಡಿ ಸೊಟ್ಟಗಾಗಿದೆ, ಹಿಡಿಗೆ ಏನು ಸುತ್ತಿದೆ, ಹೇಳಬೇಕು. ತಡವರಿಸಿದವರನ್ನು ಕನ್ನಡಕದ ಮೇಲಿಂದ ನೋಡಿ ನಾನು ಕೇಳುವ ಮಾತು ನಿಲ್ದಾಣಕ್ಕೆಲ್ಲ ಗೊತ್ತು: “ನಿಮ್ದೇ ವಸ್ತು, ನಿಮಗೇ ಗುರುತು ಗೊತ್ತಿಲ್ವಾ?”

ಕಂಡಕ್ಟರುಗಳು ಬೆನ್ನ ಹಿಂದೆ ಅದನ್ನು ನನ್ನದೇ ದನಿಯಲ್ಲಿ ಹೇಳಿ ನಗುತ್ತಿದ್ದರು. ನಗಲಿ, ಅವರ ಎದೆ ಗಟ್ಟಿಯಿದೆ.

ನನ್ನ ಉಬ್ಬಸದ ಸಂಗತಿ ಮಾತ್ರ ನಿಲ್ದಾಣದಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷದಿಂದ ನನಗೆ ‘ನೆಗಡಿ’. ಇಷ್ಟು ದೀರ್ಘಕಾಲದ ನೆಗಡಿಯನ್ನು ಯಾರೂ ಪ್ರಶ್ನಿಸದೇ ಇದ್ದದ್ದು ನನ್ನ ಮುಖ ನೋಡಿ ಇರಬಹುದು. ಮುಚ್ಚಿಟ್ಟದ್ದಕ್ಕೆ ಕಾರಣವಿದೆ. ನಮ್ಮ ಮ್ಯಾನೇಜರು ಕರುಣಾಳು. ಯಾರಿಗಾದರೂ ಸೊಂಟ ನೋವೆಂದು ಕಿವಿಗೆ ಬಿದ್ದರೆ ಸಾಕು, ‘ನಿಮ್ಮ ಹಿತದೃಷ್ಟಿಯಿಂದ’ ಎಂದು ಶುರುವಾಗುವ ಆದೇಶ ಬರುತ್ತದೆ, ಅವರು ಮರುದಿನ ವಿಚಾರಣೆಯ ಕಿಟಕಿಯಲ್ಲಿ ಕೂತಿರುತ್ತಾರೆ. ವಿಚಾರಣೆಯ ಕಿಟಕಿ ಎಂದರೆ ಮೈಕಿನ ಮುಂದೆ ಕೂತು ದಿನಕ್ಕೆ ಆರುನೂರು ಸಲ ‘ದಯವಿಟ್ಟು’ ಅನ್ನುವ ಜಾಗ. ಆ ಪದವನ್ನು ನಾನು ಕೊನೆಯ ಸಲ ಹೇಳಿದ್ದು ನನ್ನ ಕೆಲಸದ ಅರ್ಜಿಯಲ್ಲಿ. ಗೋದಾಮು ಹೋದರೆ ನನ್ನ ಕೈಯಲ್ಲಿ ಉಳಿಯುವುದೇನು? ಮನೆಯಲ್ಲಿ ನಾದಿನಿ, ಬೀದಿಯಲ್ಲಿ ಮೈಕು.

ನಾದಿನಿಯ ವಿಷಯ ಹೇಳಲೇಬೇಕು. ಗಂಡ ತೀರಿಕೊಂಡ ಮೇಲೆ ನಾನೂ ಅವರ ತಂಗಿಯೂ ಒಂದೇ ಮನೆಯಲ್ಲಿದ್ದೇವೆ. ನನ್ನ ಆರೋಗ್ಯದ ಮೇಲೆ ಅವಳಿಗೆ ಎಷ್ಟು ಕಾಳಜಿಯೆಂದರೆ, ಸೊಳ್ಳೆ ಕಚ್ಚಿ ನನಗೆ ಜ್ವರ ಬಂದೀತೆಂದು ಮಂಚದ ಕೆಳಗೆ ಸೊಳ್ಳೆಬತ್ತಿ ಹಚ್ಚಿಡುತ್ತಾಳೆ. ಅದರ ಹೊಗೆಗೆ ನಾನು ಕೆಮ್ಮಿದರೆ, “ಅಯ್ಯೋ, ಶುರುವಾಯ್ತಾ? ಅದಕ್ಕೇ ಹೇಳಿದ್ದು ಕಂದು ಪಂಪು ತಗೋ ಅಂತ” ಎನ್ನುತ್ತಾಳೆ.

ಡಾಕ್ಟರು ಕೊಟ್ಟದ್ದು ಬಾಯಿಗಿಟ್ಟು ಎಳೆಯುವ ಎರಡು ಪಂಪು. ಕಂದು ಬಣ್ಣದ್ದು ದಿನಾ ಬೆಳಿಗ್ಗೆ ಸಂಜೆ ಎಳೆಯಬೇಕು, ಚೆನ್ನಾಗಿದ್ದಾಗಲೂ. ನೀಲಿಯದ್ದು ಉಸಿರು ಕಟ್ಟಿದಾಗ ಮಾತ್ರ. ಕಂದು ಪಂಪು ಎಳೆದರೆ ಏನೂ ಆಗುವುದಿಲ್ಲ. ಒಳ್ಳೆಯದೂ ಗೊತ್ತಾಗುವುದಿಲ್ಲ, ಕೆಟ್ಟದ್ದೂ ಗೊತ್ತಾಗುವುದಿಲ್ಲ, ನಮ್ಮ ಉಪಮ್ಯಾನೇಜರ ಹಾಗೆ. ಅಂಥದ್ದನ್ನು ದಿನಕ್ಕೆರಡು ಸಲ ಯಾಕೆ ಮಾತಾಡಿಸಬೇಕು? ನಾನು ಅದನ್ನು ಕನ್ನಡಿಯ ಹಿಂದೆ ಇಟ್ಟು ಮರೆತಿದ್ದೆ. ನೀಲಿಯದ್ದು ಹಾಗಲ್ಲ. ಎರಡು ಸಲ ಒತ್ತಿದರೆ ಐದು ನಿಮಿಷದಲ್ಲಿ ಎದೆ ಬಿಚ್ಚಿಕೊಳ್ಳುತ್ತದೆ. ಅದನ್ನು ಹಳೆಯ ಕನ್ನಡಕದ ಡಬ್ಬಿಯಲ್ಲಿ ಅಡಗಿಸಿಟ್ಟುಕೊಂಡು, ಕಂಬಳಿ ಕಪಾಟಿನ ಹಿಂದೆ ಹೋಗಿ ಕಳ್ಳಿಯ ಹಾಗೆ ಎಳೆದು ಬರುತ್ತಿದ್ದೆ. ಮೊದಲು ವಾರಕ್ಕೊಮ್ಮೆ ಇತ್ತು. ಆಮೇಲೆ ದಿನಕ್ಕೆ ಮೂರಾಯಿತು. ಅದರ ಬೆನ್ನ ಮೇಲಿರುವ ಪುಟ್ಟ ಕಿಂಡಿಯಲ್ಲಿ ಇನ್ನೆಷ್ಟು ಸಲಕ್ಕೆ ಔಷಧಿ ಉಳಿದಿದೆ ಎಂದು ಅಂಕಿ ಕಾಣುತ್ತದಂತೆ. ಪಂಪು ಕೊಳ್ಳುವಾಗ ಅಂಗಡಿಯವನು ಅದನ್ನು ಹೇಳಿದ್ದ. ಇಪ್ಪತ್ತೆರಡು ವರ್ಷ ಊರವರ ವಸ್ತುಗಳ ಅಂಕಿ ನೋಡಿದವಳಿಗೆ ತನ್ನ ವಸ್ತುವಿನ ಅಂಕಿ ನೋಡಲು ಪುರುಸೊತ್ತೆಲ್ಲಿ?

ಕಚೇರಿಯಲ್ಲಿ ನನ್ನ ಕೈಕೆಳಗೆ ಒಬ್ಬನೇ ಸಹಾಯಕ. ನಲವತ್ತು ದಾಟಿದವನು, ಮೂರು ಮಕ್ಕಳ ತಂದೆ. ಎಲ್ಲರೂ ಅವನನ್ನು ‘ಚೀಟಿ’ ಎನ್ನುತ್ತಾರೆ. ಸ್ವೀಕಾರದ ಮೇಜಿನ ಮೇಲೆ ಯಾವ ವಸ್ತುವೇ ಆಗಲಿ, ವಾರಸುದಾರರಿಲ್ಲದೆ ಕಾಲು ಗಂಟೆ ಬಿದ್ದಿದ್ದರೆ ಚೀಟಿ ಕಟ್ಟು ಎಂದು ಮೊದಲ ದಿನ ಕಲಿಸಿದ್ದೆ. ಅವನು ಅದನ್ನು ರಕ್ತಗತ ಮಾಡಿಕೊಂಡುಬಿಟ್ಟ. ನನ್ನ ಊಟದ ಡಬ್ಬಿಗೆ ಎರಡು ಸಲ, ಮ್ಯಾನೇಜರ ಟೋಪಿಗೆ ಒಮ್ಮೆ ಚೀಟಿ ಕಟ್ಟಿದ್ದಾನೆ. ಅವನನ್ನು ಬೈಯುವ ಹಾಗಿಲ್ಲ. ನಾನು ಕಲಿಸಿದ್ದನ್ನೇ ಮಾಡುತ್ತಾನಲ್ಲ.

ಸಣ್ಣ ವಸ್ತುಗಳ ಕಪಾಟಿನಲ್ಲಿ ಒಂದು ಟ್ರೇ ಇತ್ತು. ಅದರಲ್ಲಿ ಮೂವತ್ತು ನೀಲಿ ಪಂಪುಗಳು. ಜನ ಹಲ್ಲಿನ ಸೆಟ್ಟಿಗಾಗಿ ವಾಪಸ್ ಬರುತ್ತಾರೆ, ಸಾಕಿದ ಪಾರಿವಾಳಕ್ಕಾಗಿ ಬರುತ್ತಾರೆ, ಉಸಿರಿಗಾಗಿ ಒಬ್ಬರೂ ಬಂದಿರಲಿಲ್ಲ. ಹೊಸದು ಕೊಂಡುಕೊಳ್ಳುತ್ತಾರೇನೋ. “ಎಂಥಾ ಬೇಜವಾಬ್ದಾರಿ ಜನ” ಎಂದು ಆ ಟ್ರೇ ಕಂಡಾಗಲೆಲ್ಲ ಹೇಳುತ್ತಿದ್ದೆ. ಹೇಳುವಾಗ ನನ್ನ ಸೆರಗಿನೊಳಗೆ ಕನ್ನಡಕದ ಡಬ್ಬಿ ಇರುತ್ತಿತ್ತು.

ಆ ವಾರ ಸೋಮವಾರವೇ ಕೆಟ್ಟದಾಗಿ ಶುರುವಾಯಿತು. ಗೋದಾಮು ಮುಗ್ಗಲು ನಾರುತ್ತದೆ ಎಂದು ಯಾರೋ ದೂರು ಕೊಟ್ಟಿದ್ದರು. ಮುಗ್ಗಲಿಗೆ ಕಾರಣವಾದ ಸೋರುವ ಗೋಡೆಯನ್ನು ರಿಪೇರಿ ಮಾಡಿಸುವುದು ಬಹಳ ಸುಲಭದ ದಾರಿಯಾದ್ದರಿಂದ ಮ್ಯಾನೇಜರು ಅದನ್ನು ಬಿಟ್ಟು, ನಿಂಬೆ ವಾಸನೆಯ ಸ್ಪ್ರೇ ಒಂದು ಡಜನ್ ತರಿಸಿದರು. ‘ಗಂಟೆಗೊಮ್ಮೆ ಸಿಂಪಡಿಸತಕ್ಕದ್ದು’ ಎಂದು ಆದೇಶ. ಚೀಟಿ ಗಡಿಯಾರ ನೋಡಿಕೊಂಡು ಸಿಂಪಡಿಸಿದ. ಅದರ ಜೊತೆಗೇ ಇನ್ನೊಂದು ಕಾಗದ ಬಂತು. ದೂಳಿನ ಜಾಗದಲ್ಲಿ ಕೆಲಸ ಮಾಡುವವರೆಲ್ಲ ಶನಿವಾರ ನರ್ಸ್ ಮುಂದೆ ಉಸಿರಿನ ಬಲ ಅಳೆಯುವ ಒಂದು ಕೊಳವೆ ಊದಬೇಕು. ಮುಳ್ಳು ಇಷ್ಟಕ್ಕಿಂತ ಮೇಲೆ ಏರದಿದ್ದರೆ ‘ಅವರ ಹಿತದೃಷ್ಟಿಯಿಂದ’ ಬೇರೆ ಜಾಗಕ್ಕೆ. ಶನಿವಾರಕ್ಕೆ ಒಂದು ಭಾರೀ ನೆಗಡಿಯನ್ನು ನಾನು ಸೋಮವಾರವೇ ನಿಶ್ಚಯ ಮಾಡಿಕೊಂಡೆ.

ಮಂಗಳವಾರ ಮಧ್ಯಾಹ್ನ ಕೌಂಟರಿಗೆ ಒಬ್ಬ ಬಂದ. ತೋಳಿನ ತುಂಬ ಬಿಳಿ, ಹಸಿರು ಚುಕ್ಕೆ. ಮನೆಗಳಿಗೆ ಬಣ್ಣ ಹೊಡೆಯುವ ಪೇಂಟರ್. ಹಿಂದಿನ ದಿನ ನಮ್ಮ ಚೀಟಿ ಬಸ್ಸಿನಿಂದ ಬಂದ ಒಂದು ನೀಲಿ ಪಂಪನ್ನು ಟ್ರೇಗೆ ಸೇರಿಸಿದ್ದ. ಅದು ಮೂವತ್ತೊಂದನೆಯದು.

“ಮೇಡಂ, ನನ್ನ ಮಗಳದು ಉಸಿರಿನ ಪಂಪು, ಬಸ್ಸಲ್ಲಿ ಬಿಟ್ಬಿಟ್ಟಿದ್ದಾಳೆ. ನೀಲಿದು. ಇಷ್ಟುದ್ದ ಇರುತ್ತೆ.”

“ಗುರುತು?”

“ಗುರುತು ಅಂದ್ರೆ... ನೀಲಿ ಮೇಡಂ. ಬಾಯಿ ಹತ್ರ ಮುಚ್ಚಳ ಇರುತ್ತೆ.”

“ಎಲ್ಲದಕ್ಕೂ ಬಾಯಿ ಹತ್ರಾನೇ ಮುಚ್ಚಳ ಇರುತ್ತೆ. ನನ್ನ ಹತ್ರ ಮೂವತ್ತೊಂದಿದೆ. ಯಾವುದು ನಿಮ್ದು?”

“ಎಲ್ಲಾ ತೋರಿಸಿ, ನೋಡಿ ಹೇಳ್ತೀನಿ.”

“ನೋಡಿ ಹೇಳೋದಕ್ಕೆ ನೀವ್ಯಾಕೆ ಬೇಕು, ನಾನೂ ಹೇಳ್ತೀನಿ. ನಿಮ್ದೇ ವಸ್ತು, ನಿಮಗೇ ಗುರುತು ಗೊತ್ತಿಲ್ವಾ?”

ಪಾಪ, ಅವನು ತಲೆ ಕೆರೆದುಕೊಂಡ. “ಗುರುತೆಲ್ಲಾ ಅವಳಿಗೇ ಗೊತ್ತು ಮೇಡಂ. ಎಂಟು ವರ್ಷ, ಆದ್ರೆ ಎಲ್ಲಾ ಅವಳೇ ನೋಡ್ಕೋತಾಳೆ. ನಾನು ಕೆಲಸದಿಂದ ಬಂದ್ರೆ ಬಾಗಿಲಲ್ಲೇ ನಿಲ್ಲಿಸಿ, ಅಪ್ಪಾ ಸ್ನಾನ ಮಾಡಿ ಬಟ್ಟೆ ಬದಲಾಯಿಸಿ ಆಮೇಲೆ ನನ್ನ ಹತ್ರ ಬಾ ಅಂತಾಳೆ. ಈ ವಾಸನೆ ಆಗಲ್ಲ ಅವಳಿಗೆ.”

ಅವಳಿಗೆ ಮಾತ್ರವೇ? ಟರ್ಪೆಂಟೈನಿನ ಘಾಟು ಕೌಂಟರ್ ದಾಟಿ ಬಂದು ಆಗಲೇ ನನ್ನ ಗಂಟಲು ಹಿಡಿದಿತ್ತು. ಎದೆಯಲ್ಲಿ ಸಣ್ಣಗೆ ಸಿಳ್ಳೆ ಶುರುವಾಗಿತ್ತು. ಇನ್ನೆರಡು ನಿಮಿಷ ಅವನು ಅಲ್ಲೇ ನಿಂತರೆ ನನ್ನ ಗುಟ್ಟು ಬಯಲಾಗುತ್ತಿತ್ತು. ನಿಯಮವನ್ನು ಎತ್ತಿ ಅವನ ಮುಖಕ್ಕೆ ಹಿಡಿದೆ.

“ಮಗಳನ್ನೇ ಕರ್ಕೊಂಡು ಬನ್ನಿ. ಫಾರಂ ಮೇಲೆ ಫೋನ್ ನಂಬರ್ ಬರೀರಿ. ಮುಂದಿನವರು!”

ಮುಂದಿನವರು ಯಾರೂ ಇರಲಿಲ್ಲ. ಅವನು ಹಿಂದೆ ತಿರುಗಿ ನೋಡಿದ, ನಂಬರ್ ಬರೆದ, “ಶನಿವಾರ ಸ್ಕೂಲಿಲ್ಲ, ಆಗ ಬರ್ತೀವಿ” ಎಂದು ಹೋದ. ಮನೆಯಲ್ಲಿ ಇನ್ನೊಂದು ಪಂಪು ಇದೆಯಾ ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆ ಯಾರಿಗೆ ಹೊಳೆಯದಿದ್ದರೂ ನನಗೆ ಹೊಳೆಯಬೇಕಿತ್ತು. ಹೊಳೆದದ್ದು ಗುರುವಾರ.

ಗುರುವಾರ ಬೆಳಿಗ್ಗೆ ಒಂದು ದೊಡ್ಡ ಚೀಲ ಬಂತು, ಅದರೊಳಗೆ ಪುಕ್ಕ ತುಂಬಿದ ಹಳೆಯ ರಜಾಯಿ. ಯಾವ ಪುಣ್ಯಾತ್ಮ ಅದನ್ನು ಬಸ್ಸಿನಲ್ಲಿ ಮರೆತನೋ. ರಜಾಯಿಯಂಥದ್ದನ್ನು ಬಿಚ್ಚಿ ಕೊಡವಿ, ಒಳಗೆ ಬೇರೇನೂ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಅದೂ ನನ್ನದೇ ನಿಯಮ. ಅದಕ್ಕೆ ಮೊದಲು ಸ್ವೀಕಾರದ ಮೇಜಿನ ಪಕ್ಕಕ್ಕೆ ತಿರುಗಿ ನನ್ನ ಪಂಪನ್ನು ಒಮ್ಮೆ ಎಳೆದುಕೊಂಡೆ. ಅಷ್ಟರಲ್ಲಿ ಮ್ಯಾನೇಜರು ಕರೆಯುತ್ತಿದ್ದಾರೆ ಎಂದು ಕಂಡಕ್ಟರೊಬ್ಬ ಬಾಗಿಲಲ್ಲಿ ಪ್ರತ್ಯಕ್ಷನಾದ. ಗಾಬರಿಯಲ್ಲಿ ಪಂಪನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು, ಖಾಲಿ ಡಬ್ಬಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಹೊರಟೆ.

ಮ್ಯಾನೇಜರು ಶುದ್ಧ ಗಾಳಿಯ ಮಹತ್ವದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಕೋಣೆಯ ಎಸಿ ತಣ್ಣಗೆ ನನ್ನ ಮುಖಕ್ಕೇ ಬೀಸುತ್ತಿತ್ತು. ವಾಪಸ್ ಮೆಟ್ಟಿಲು ಹತ್ತಿ ಬರುವಾಗಲೇ ಎದೆ ಬಿಗಿದಿತ್ತು. ಆದರೂ ಕೆಲಸ ಕೆಲಸವೇ ಎಂದು ರಜಾಯಿಯನ್ನು ಎರಡು ಕೈಯಲ್ಲಿ ಹಿಡಿದು ಜೋರಾಗಿ ಕೊಡವಿದೆ. ಹೊಲಿಗೆ ಬಿಚ್ಚಿತು. ಪುಕ್ಕ, ದೂಳು, ಎಲ್ಲ ಒಟ್ಟಿಗೆ ಎದ್ದಿತು. ಅದೇ ಹೊತ್ತಿಗೆ ಗಂಟೆ ಹನ್ನೊಂದಾಯಿತು. ಚೀಟಿ ಕರ್ತವ್ಯನಿಷ್ಠನಾಗಿ ನಿಂಬೆ ಸಿಂಪಡಿಸಿದ.

ಉಸಿರು ಹೊರಗೂ ಹೋಗಲಿಲ್ಲ, ಒಳಗೂ ಬರಲಿಲ್ಲ. ಸೆರಗಿನಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದೆ. ಖಾಲಿ. ಮೇಜಿನ ಕಡೆ ನೋಡಿದೆ. ಅದೂ ಖಾಲಿ. ಜೀವ ಬಾಯಿಗೆ ಬಂತು ಎನ್ನುತ್ತಾರಲ್ಲ, ನನ್ನದು ಬಾಯಿಯವರೆಗೂ ಬರಲಾರದೆ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

“ಏನಾಯ್ತು ಮೇಡಂ? ನೆಗಡೀನಾ?” ಎಂದ ಚೀಟಿ.

ನಾನು ಬೆರಳಿನಿಂದ ಒತ್ತುವ ಸನ್ನೆ ಮಾಡಿದೆ. ಅವನು ಓಡಿಹೋಗಿ ಮೊಹರು ತಂದ. ತಲೆ ಅಲ್ಲಾಡಿಸಿದೆ. ಸ್ಟೇಪ್ಲರ್ ತಂದ. ಆ ಸ್ಥಿತಿಯಲ್ಲೂ ಅವನ ತಲೆಗೊಂದು ಬಾರಿಸಬೇಕೆನಿಸಿತು, ಕೈ ಮೇಲೇಳಲಿಲ್ಲ. ರಿಜಿಸ್ಟರಿನ ಅಂಚಿನಲ್ಲಿ ‘ನೀಲಿ ಪಂಪು’ ಎಂದು ಗೀಚಿದೆ.

“ಓ, ಅದಾ? ಚೀಟಿ ಕಟ್ಟಿ ಟ್ರೇಗೆ ಹಾಕ್ದೆ ಮೇಡಂ. ಕಾಲು ಗಂಟೆ ಆಗಿತ್ತು.” ಆಮೇಲೆ ನನ್ನ ಮುಖ ನೋಡಿದ. ತುಟಿಗಳು ಯಾವ ಬಣ್ಣಕ್ಕೆ ತಿರುಗಿದ್ದವೋ, ಅವನ ದನಿಯೇ ಬದಲಾಯಿತು. “ಅಯ್ಯೋ ದೇವರೇ! ಅದು ನಿಮ್ದಾ?”

ಟ್ರೇ ಸಮೇತ ಓಡಿ ಬಂದ. ಅವತ್ತಿನ ತಾರೀಖಿನ ಚೀಟಿ ನೋಡಿ ನನ್ನದನ್ನು ಹುಡುಕಿ, ಮೊಹರು ಹರಿದು ಕೈಗಿಟ್ಟ. ಮೂವತ್ತೆರಡನೆಯ ನೀಲಿ ಪಂಪು. ಒತ್ತಿದೆ. ಬುಸ್ಸೆಂದಿತು, ಗಾಳಿ ಬಂತು, ಇನ್ನೇನೂ ಬರಲಿಲ್ಲ. ಮತ್ತೆ ಒತ್ತಿದೆ. ಚೀಟಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಕಿಂಡಿ ನೋಡಿದ.

“ಸೊನ್ನೆ ಇದೆಯಲ್ಲ ಮೇಡಂ! ಬರೀ ಸೊನ್ನೆ!”

ಅಂದರೆ ಎಷ್ಟೋ ದಿನದಿಂದ ನಾನು ಕಂಬಳಿ ಕಪಾಟಿನ ಹಿಂದೆ ಕದ್ದುಮುಚ್ಚಿ ಎಳೆದದ್ದು ಬರೀ ಗಾಳಿ.

ಅವನು ನೆಲಕ್ಕೆ ಕೂತು ಟ್ರೇ ಸುರುವಿದ. “ಸೊನ್ನೆ... ಸೊನ್ನೆ... ಇದು ಅವಧಿ ಮುಗಿದು ಮೂರು ವರ್ಷ... ಇದೂ ಸೊನ್ನೆ...” ಪಾರದರ್ಶಕ ಚೀಲದ ಹೊರಗಿನಿಂದಲೇ ಅಂಕಿ ಓದಿ ಒಂದೊಂದೇ ಎತ್ತಿ ಬಿಸಾಡುತ್ತಿದ್ದ. ನನ್ನ ಕಣ್ಣ ಮುಂದೆ ಪುಕ್ಕಗಳು ನಿಧಾನವಾಗಿ ಕೆಳಗಿಳಿಯುತ್ತಿದ್ದವು. ಸಾಯುವುದಾದರೆ ಇಷ್ಟು ಅವ್ಯವಸ್ಥೆಯ ನಡುವೆ ಸಾಯಬೇಕಾಯಿತಲ್ಲ ಎಂದು ದುಃಖವಾಯಿತು. ಭಯವೂ ಆಯಿತು. ಹನ್ನೊಂದು ವರ್ಷದಲ್ಲಿ ಅಷ್ಟು ಭಯ ಎಂದೂ ಆಗಿರಲಿಲ್ಲ.

“ಇದರಲ್ಲಿ ಎಂಬತ್ತನಾಲ್ಕಿದೆ ಮೇಡಂ! ಹೊಸದು!” ಬೆನ್ನಿಗೆ ಹಳದಿ ನಕ್ಷತ್ರದ ಸ್ಟಿಕ್ಕರ್ ಅಂಟಿಸಿದ್ದ ಪಂಪು. ಸೋಮವಾರ ಬಂದದ್ದು.

ನಾನು ತಲೆ ಅಲ್ಲಾಡಿಸಿದೆ, ಬೇಡವೆಂದು. ಮೊಹರಿನ ಕಡೆ ಬೆರಳು ತೋರಿಸಿದೆ. ವಾರಸುದಾರರ ಸಹಿಯಿಲ್ಲದೆ ಮೊಹರು ಒಡೆಯಬಾರದು. ಒಡೆದವರು ಅಮಾನತು. ಉಸಿರಿಲ್ಲದಿದ್ದರೂ ನಿಯಮ ಇತ್ತು, ನೋಡಿ.

“ಮೊಹರು ಹಾಳಾಗಿಹೋಗ್ಲಿ!” ಎಂದ ಚೀಟಿ. ಎಂಟು ವರ್ಷದಲ್ಲಿ ಅವನು ನನಗೆ ಎದುರಾಡಿದ್ದು ಅದೇ ಮೊದಲು. ಹಲ್ಲಿನಿಂದ ಚೀಲ ಹರಿದು, ಪಂಪಿನ ಬಾಯಿ ತನ್ನ ಅಂಗಿಗೆ ಒರೆಸಿ, ನನ್ನ ಬಾಯಿಗಿಟ್ಟು ಒತ್ತಿದ. ಒಂದು. ಸ್ವಲ್ಪ ತಡೆದು ಎರಡು. ಮೂರು. ನಾಲ್ಕು. ಗಡಿಯಾರದ ಕೆಳಗೆ ಗೋಡೆಗೊರಗಿ ಕೂತೆ. ಹತ್ತು ನಿಮಿಷಕ್ಕೆ ನನ್ನ ಬಾಯಿಂದ ಮೊದಲ ಮಾತು ಹೊರಬಂತು.

“ಆ ನಿಂಬೆ ಡಬ್ಬೀನ ಕಿಟಕಿಯಿಂದಾಚೆ ಎಸಿ.”

ಎರಡನೆಯ ಮಾತು ಯಾರಿಗೂ ಹೇಳಬೇಡ ಎನ್ನುವುದು. ಆಸ್ಪತ್ರೆಗೆ ಹೋಗೋಣ ಎಂದ, ಗದರಿಸಿದೆ. ಮಕ್ಕಳ ಮೇಲೆ ಆಣೆ ಇಡಿಸಿಕೊಂಡೆ. ನಕ್ಷತ್ರದ ಪಂಪನ್ನು ಹೊಸ ಚೀಲಕ್ಕೆ ಹಾಕಿ ಹೊಸ ಮೊಹರು ಒತ್ತಿಸಿದೆ. ರಿಜಿಸ್ಟರಿನಲ್ಲಿ ಏನೂ ಬರೆಯಲಿಲ್ಲ. ಇಪ್ಪತ್ತೆರಡು ವರ್ಷದ ಪ್ರಾಮಾಣಿಕತೆ ಮುರಿಯಲು ಅಷ್ಟು ಹೊತ್ತು ಸಾಕಾಯಿತು. ನನ್ನ ಖಾಲಿ ಪಂಪನ್ನು ಡಬ್ಬಿಗೆ ಹಾಕಿಕೊಂಡೆ. ಸಂಜೆ ಅಂಗಡಿಗೆ ಹೋಗಿ ಹೊಸದು ಕೊಂಡೆ.

ಅವತ್ತು ಮನೆಗೆ ಹೋಗುವ ಮುಂಚೆ ಚೀಟಿ ಒಂದು ಮಾತು ಕೇಳಿದ್ದ. “ಮೇಡಂ, ಆ ಮಗು ಹತ್ರ ಇನ್ನೊಂದು ಇರುತ್ತೆ ಅಲ್ವಾ?”

ಶುಕ್ರವಾರ ಬೆಳಿಗ್ಗೆಯಿಂದ ಪೇಂಟರ್ ಬರೆದುಕೊಟ್ಟ ಫಾರಂ ನನ್ನ ಮುಂದೆ ಇತ್ತು. ಹನ್ನೊಂದಕ್ಕೆ ಫೋನ್ ಮಾಡಿದೆ, ಎತ್ತಲಿಲ್ಲ. ಹನ್ನೆರಡಕ್ಕೆ ಮಾಡಿದೆ, ಎತ್ತಲಿಲ್ಲ. ಏಣಿಯ ಮೇಲಿರಬಹುದು ಎಂದುಕೊಂಡೆ. ಆಸ್ಪತ್ರೆಯಲ್ಲಿರಬಹುದು ಎಂದೂ ಅನ್ನಿಸಿತು, ಅದನ್ನು ಪೂರ್ತಿ ಅಂದುಕೊಳ್ಳುವ ಧೈರ್ಯ ಬರಲಿಲ್ಲ. ಗೋಡೆಗೊರಗಿ ಕೂತಾಗ ನನಗೆ ಹೇಗಾಗಿತ್ತೋ ಹಾಗೆ ಎಂಟು ವರ್ಷದ ಮಗುವೊಂದು ಎಲ್ಲೋ ಕೂತಿದೆ ಎನ್ನುವ ಚಿತ್ರ ಕಣ್ಣಿಂದ ಹೋಗಲಿಲ್ಲ. ಅದರ ಪಂಪು ನನ್ನ ಟ್ರೇಯಲ್ಲಿತ್ತು. ಅದರ ಅಪ್ಪ ಬಂದು ಕೇಳಿದ್ದ. ನಾನು ಕೊಡಲಿಲ್ಲ. ಕೊಡದೇ ಇದ್ದದ್ದನ್ನು ನಾನೇ ಎಳೆದುಕೊಂಡೆ. ನಿಯಮದ ಪ್ರಕಾರ ಇದಕ್ಕೆ ಕಳವು ಎನ್ನುತ್ತಾರೆ.

ಮನೆಯಲ್ಲಿ ನಾದಿನಿ “ಯಾಕೆ ಮುಖ ಹೀಗಿದೆ?” ಎಂದಳು. “ನೆಗಡಿ” ಎಂದೆ. “ನನ್ನ ಹತ್ರಾನೂನಾ?” ಎಂದು ಮೂಗು ಮುರಿದಳು.

ಶನಿವಾರ ಪಕ್ಕದ ಕೋಣೆಯಲ್ಲಿ ನರ್ಸ್ ಕೊಳವೆ ಜೋಡಿಸಿಕೊಂಡು ಕೂತಿದ್ದಳು. ಮ್ಯಾನೇಜರು ಒಬ್ಬೊಬ್ಬರನ್ನೇ ಕರೆಯಲು ಸ್ವತಃ ಗೋದಾಮಿನಲ್ಲಿ ನಿಂತಿದ್ದರು. ನಾನು ಕರವಸ್ತ್ರ ಮೂಗಿಗೆ ಹಿಡಿದು ನೆಗಡಿಯನ್ನು ಶುರುಮಾಡುವುದರಲ್ಲಿದ್ದೆ. ಆಗ ಕೌಂಟರಿನ ಅಂಚಿನ ಮೇಲೆ ಎರಡು ಜಡೆ ಕಾಣಿಸಿದವು. ಹಿಂದೆ ಪೇಂಟರ್, ಸ್ನಾನ ಮಾಡಿ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದಿದ್ದ.

ಮಗು ಬದುಕಿತ್ತು. ಉಸಿರಾಡುತ್ತಿತ್ತು. ನನಗೆ ಅಳು ಬಂತು. ಕರವಸ್ತ್ರ ಹೇಗೂ ಕೈಯಲ್ಲೇ ಇತ್ತು.

“ನಿನ್ನ ಹತ್ರ ಇನ್ನೊಂದು ಪಂಪು ಇತ್ತಾ?” ಎಂದು ಕೇಳಿಬಿಟ್ಟೆ.

“ಸ್ಕೂಲಲ್ಲಿ ಟೀಚರ್ ಹತ್ರ ಒಂದಿರುತ್ತೆ. ಅಪ್ಪ ಅದನ್ನೇ ತಂದಿಟ್ಟಿದ್ರು” ಎಂದಳು ಹುಡುಗಿ. “ಇದು ನಂದು ಬಸ್ಸಿಂದು. ಗುರುತು ಹೇಳ್ಬೇಕಂತೆ, ಹೇಳ್ಲಾ? ಬೆನ್ನ ಮೇಲೆ ಹಳದಿ ನಕ್ಷತ್ರ ಇದೆ. ಮುಚ್ಚಳದ ಒಂದು ಕಡೆ ನಾನು ಕಚ್ಚಿರೋ ಗುರುತಿದೆ. ಕಿಂಡೀಲಿ ಎಂಬತ್ತನಾಲ್ಕು ಇದೆ.”

ಮ್ಯಾನೇಜರಿಗೆ ಖುಷಿಯೋ ಖುಷಿ. “ಶಭಾಷ್! ನೋಡಿ, ಹೀಗಿರಬೇಕು ಪ್ರಯಾಣಿಕರು” ಎನ್ನುತ್ತ ತಾವೇ ಟ್ರೇಯಿಂದ ಚೀಲ ತೆಗೆದು ಮೊಹರು ಬಿಡಿಸಿದರು. “ನಕ್ಷತ್ರ, ಸರಿ. ಕಚ್ಚಿದ ಗುರುತು, ಸರಿ. ಕಿಂಡಿಯಲ್ಲಿ... ಎಂಬತ್ತು.”

“ಎಂಬತ್ತನಾಲ್ಕು” ಎಂದಳು ಹುಡುಗಿ.

“ಎಂಬತ್ತಿದೆ ಮರಿ.”

“ಹಾಗಾದ್ರೆ ಯಾರೋ ನಾಲ್ಕು ಸಲ ಒತ್ತಿದ್ದಾರೆ. ನಾನು ಒತ್ತಿದಾಗೆಲ್ಲ ಬರೆದಿಡ್ತೀನಿ.” ಚೀಲದಿಂದ ಪುಟ್ಟ ನೋಟ್‌ಬುಕ್ ತೆಗೆದು ಕೌಂಟರಿನ ಮೇಲಿಟ್ಟಳು. ತಾರೀಖು, ವಾರ, ಯಾಕೆ ಬೇಕಾಯಿತು, ಎಷ್ಟು ಉಳಿಯಿತು. ‘ಬೆಕ್ಕು ಮುಟ್ಟಿದೆ’, ‘ಓಡಿದೆ’, ‘ಅಪ್ಪನ ಅಂಗಿ’. ನನ್ನ ರಿಜಿಸ್ಟರಿಗಿಂತ ಅಚ್ಚುಕಟ್ಟಾಗಿತ್ತು.

ಮ್ಯಾನೇಜರು ಮೊಹರನ್ನು ಬೆಳಕಿಗೆ ಹಿಡಿದರು. ಗುರುವಾರದ ತಾರೀಖು. ವಸ್ತು ಬಂದದ್ದು ಸೋಮವಾರ. ಅವರ ಮುಖ ಗಂಟಿಕ್ಕಿತು. ಚೀಟಿಯ ಕಡೆ ತಿರುಗಿದರು.

“ಮೊಹರು ಒತ್ತೋನು ನೀನಲ್ವಾ? ಯಾಕೆ ಒಡೆದೆ?”

ಚೀಟಿ ನೆಲ ನೋಡಿದ.

“ಕೇಳ್ತಿದ್ದೀನಿ. ಪ್ರಯಾಣಿಕರ ಔಷಧೀನ ಆಟ ಆಡೋಕೆ ತಗೊಂಡ್ಯಾ? ಮಗೂದು ಕಣೋ! ಸೋಮವಾರದಿಂದ ಬರೋದು ಬೇಡ ನೀನು. ಅಮಾನತಿನ ಕಾಗದ ಮನೆಗೇ ಬರುತ್ತೆ.”

ಅವನು ಬಾಯಿ ಬಿಡಲಿಲ್ಲ. ಕಿವಿ ಕೆಂಪಗಾಗಿತ್ತು. ಮಕ್ಕಳ ಮೇಲೆ ಆಣೆ ಇಟ್ಟಿದ್ದನಲ್ಲ. ನಾನು ಕಲಿಸಿದ್ದನ್ನು ಅವನು ಎಂದೂ ಮೀರಿದವನಲ್ಲ. ಒಂದೇ ಒಂದು ಸಲ ಮೀರಿದ್ದ, ಅದರಿಂದ ನಾನು ಅಲ್ಲಿ ನಿಂತಿದ್ದೆ.

ಒಂದು ಗಳಿಗೆ ಸುಮ್ಮನಿದ್ದೆ. ಅದನ್ನೂ ಹೇಳಿಬಿಡುತ್ತೇನೆ. ಆ ಗಳಿಗೆಯಲ್ಲಿ ನನ್ನ ಕಪಾಟುಗಳನ್ನು ನೋಡಿದೆ, ಕೊಡೆಗಳ ಸಾಲು ನೋಡಿದೆ, ಆರುನೂರು ‘ದಯವಿಟ್ಟು’ಗಳನ್ನು ನೆನೆದೆ. ಆಮೇಲೆ ಕರವಸ್ತ್ರ ಕೆಳಗಿಟ್ಟೆ.

“ಅವನಲ್ಲ. ನಾನು ಎಳೆದದ್ದು. ನಾಲ್ಕು ಸಲ. ನನಗೆ ಉಬ್ಬಸ, ಹನ್ನೊಂದು ವರ್ಷದಿಂದ. ಅವನು ಆ ಮೊಹರು ಒಡೀದಿದ್ರೆ ಅಮಾನತಿನ ಕಾಗದ ಅಲ್ಲ, ನನ್ನ ಹೆಸರಿಗೆ ಶೋಕಸಭೆ ಕಾಗದ ಬರೀತಿದ್ರಿ ನೀವು.”

ಮ್ಯಾನೇಜರು ಕೈಯಲ್ಲಿದ್ದ ಪಂಪನ್ನು ಹುಡುಗಿಯ ಮುಂದೆ ಕೌಂಟರಿನ ಮೇಲಿಟ್ಟರು. ಪೇಂಟರ್ ಒಂದು ಹೆಜ್ಜೆ ಹಿಂದೆ ಸರಿದು ತನ್ನ ಅಂಗಿಯ ತೋಳು ಮೂಸಿ ನೋಡಿಕೊಂಡ. ಮಂಗಳವಾರ ಅವನನ್ನು ಅಟ್ಟಿದ್ದು ನಿಯಮಕ್ಕಲ್ಲ, ವಾಸನೆಗೆ ಹೆದರಿ ಎಂದು ಅವನಿಗೂ ಹೇಳಿದೆ. “ಅಯ್ಯೋ, ಮೊದಲೇ ಹೇಳಿದ್ರೆ ಆಚೆ ನಿಂತು ಮಾತಾಡ್ತಿದ್ದೆನಲ್ಲ ಮೇಡಂ, ಮನೇಲಿ ಅಭ್ಯಾಸ ಇದೆ” ಎಂದ.

ಹುಡುಗಿ ಮಾತ್ರ ಸಿಟ್ಟೂ ಮಾಡಲಿಲ್ಲ, ಅಯ್ಯೋ ಎಂದೂ ಅನ್ನಲಿಲ್ಲ. ನೋಟ್‌ಬುಕ್ ತೆರೆದು ‘ಎಂಬತ್ತು’ ಎಂದು ಬರೆದು, ಯಾಕೆ ಬೇಕಾಯಿತು ಎನ್ನುವ ಜಾಗದಲ್ಲಿ ‘ಆಂಟಿ’ ಎಂದು ಬರೆದಳು. ಆಮೇಲೆ ತಲೆಯೆತ್ತಿದಳು.

“ನಿಮ್ದು ಎಲ್ಲಿತ್ತು?”

“ಇಲ್ಲೇ ಇತ್ತು. ಖಾಲಿಯಾಗಿತ್ತು.”

“ಯಾವಾಗ ಖಾಲಿಯಾಯ್ತು?”

“ಗೊತ್ತಿಲ್ಲ.”

“ಈಗ ಹೊಸದು ಇದೆಯಾ? ಅದರಲ್ಲಿ ಎಷ್ಟಿದೆ?”

ಹೊಸದು ಸೆರಗಿನಲ್ಲೇ ಇತ್ತು. ಗುರುವಾರ ಸಂಜೆ ಕೊಂಡದ್ದು. ಆಮೇಲೆ ಎಷ್ಟು ಸಲ ಎಳೆದಿದ್ದೆ? ನಾಲ್ಕೋ? ಆರೋ? ನಾನು ತಡವರಿಸಿದೆ. ಕೌಂಟರಿನ ಆಚೆ ಅವಳು ತುದಿಗಾಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಿಜವಾಗಿ ಆಶ್ಚರ್ಯಪಟ್ಟು ಕೇಳಿದಳು, ಅಣಕವೇನೂ ಇರಲಿಲ್ಲ:

“ನಿಮ್ದೇ ವಸ್ತು, ನಿಮಗೇ ಗುರುತು ಗೊತ್ತಿಲ್ವಾ?”

ಕೊಳವೆ ಊದುವ ಸರದಿಗಾಗಿ ಬಾಗಿಲ ಬಳಿ ಕಾಯುತ್ತಿದ್ದ ಕಂಡಕ್ಟರುಗಳಲ್ಲಿ ಒಬ್ಬನೂ ನಗಲಿಲ್ಲ. ನಾನು ಪಕ್ಕದ ಕೋಣೆಗೆ ಹೋಗಿ ನರ್ಸ್ ಮುಂದೆ ಕೂತು ಕೊಳವೆ ಊದಿದೆ. ಮುಳ್ಳು ನಾಚಿಕೊಂಡು ಅರ್ಧ ದಾರಿಯಲ್ಲೇ ನಿಂತಿತು. “ತುಟಿ ಬಿಗಿಯಾಗಿ ಹಿಡೀಬೇಕು ಆಂಟಿ” ಎಂದು ಹಿಂದಿನಿಂದ ಸಲಹೆ ಬಂತು. ಬಿಗಿಯಾಗಿ ಹಿಡಿದು ಊದಿದೆ. ಮುಳ್ಳು ಅಲ್ಲೇ ಇತ್ತು.

ಈಗ ಎರಡು ತಿಂಗಳಿನಿಂದ ವಿಚಾರಣೆಯ ಕಿಟಕಿಯಲ್ಲಿದ್ದೇನೆ, ನನ್ನ ಹಿತದೃಷ್ಟಿಯಿಂದ. ದಿನಕ್ಕೆ ಆರುನೂರು ಅಂದಿದ್ದೆನಲ್ಲ, ಎಣಿಸಿದೆ, ನಾನೂರು ಚಿಲ್ಲರೆ ಬರುತ್ತದೆ. ಕನ್ನಡಿಯ ಹಿಂದಿದ್ದ ಕಂದು ಪಂಪು ಮುಂದೆ ಬಂದಿದೆ. ಬೆಳಿಗ್ಗೆ ಸಂಜೆ ಎಳೆಯುತ್ತೇನೆ. ಅದರಿಂದ ಈಗಲೂ ಏನೂ ಆಗುವುದಿಲ್ಲ, ನೀಲಿಯದ್ದು ಬೇಕಾಗುವುದಿಲ್ಲ ಅಷ್ಟೆ. ಸೊಳ್ಳೆಬತ್ತಿಯ ಬದಲು ನಾದಿನಿ ಪರದೆ ಕಟ್ಟಿದ್ದಾಳೆ. ಅದನ್ನು ವಾರಕ್ಕೊಮ್ಮೆ ಒಗೆಯಬೇಕೆಂದು ನನ್ನ ಕಿವಿ ಹಿಂಡುತ್ತಾಳೆ.

ಅಮಾನತಿನ ಕಾಗದ ಬರಲೇ ಇಲ್ಲ, ಗೋದಾಮನ್ನು ಈಗ ಚೀಟಿ ನೋಡಿಕೊಳ್ಳುತ್ತಾನೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒದ್ದೆ ಬಟ್ಟೆಯಲ್ಲಿ ಕಪಾಟು ಒರೆಸುತ್ತಾನಂತೆ. ಪ್ರತಿ ಬೆಳಿಗ್ಗೆ ಒಳಗೆ ಹೋಗುವ ಮೊದಲು ನನ್ನ ಕಿಟಕಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತಾನೆ. ಅವನ ಸರದಿ ಬಂದಾಗ ಕನ್ನಡಕ ಇಲ್ಲದಿದ್ದರೂ ಕನ್ನಡಕದ ಮೇಲಿಂದ ನೋಡುವವನ ಹಾಗೆ ನೋಡಿ, “ಗುರುತು ಹೇಳಿ ಮೇಡಂ” ಎನ್ನುತ್ತಾನೆ.

ಹಿಂದೆ ಜನ ಗೊಣಗುತ್ತಾರೆ. ನಾನು ನೀಲಿ ಪಂಪು ತೆಗೆದು ನೋಡದೆಯೇ ಎಷ್ಟು ಉಳಿದಿದೆಯೆಂದು ಹೇಳಬೇಕು, ಇಲ್ಲದಿದ್ದರೆ ಅವನು ಅಲ್ಲಿಂದ ಕದಲುವುದಿಲ್ಲ.

“ನೂರ ಎಪ್ಪತ್ತೊಂಬತ್ತು” ಎನ್ನುತ್ತೇನೆ ಮೈಕಿನಲ್ಲಿ. “ದಯವಿಟ್ಟು ಮುಂದೆ ಹೋಗಿ.”